ಕೈಯಳತೆಯ ಉಪ್ಪು

ಅಮೋಘಸಿದ್ದಪ್ಪನ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲುಗಳನ್ನು ಹುಮನಾಬಾದಿನ ಹಲ್ಲಿನ ಡಾಕ್ಟರು ಮೂರು ಸಲಕ್ಕೆ ಕಿತ್ತು ಮುಗಿಸಿದ ಮೇಲೆ ಆ ಮನೆಯಲ್ಲಿ ಮೈ ತುಂಬಿಕೊಂಡದ್ದು ಒಂದೇ ಜೀವ, ಅದು ನಾಯಿ ಕಾಳ್ಯಾ. ಸೊಸೆ ಪೂನಂ ಮಾವನಿಗೆಂದು ಮಾಡಿದ ಗಂಜಿ, ಮೆತ್ತನೆಯ ಅನ್ನ, ಹೆಸರುಬೇಳೆಯ ಕಟ್ಟು, ಸಾರಿನಲ್ಲಿ ನೆನೆಸಿದ ರೊಟ್ಟಿ, ಯಾವುದೇ ಇರಲಿ, ಅರ್ಧ ಮಾವನ ಹೊಟ್ಟೆಗೆ, ಅರ್ಧ ಕಾಳ್ಯಾನ ತಟ್ಟೆಗೆ ಹೋಗುತ್ತಿತ್ತು. ಹೇಗಾಗಿದೆ ಎಂದು ಕೇಳಿದರೆ ಮುದುಕ ಬೊಚ್ಚುಬಾಯಿ ಅಗಲಿಸಿ, "ಭಾಳ ಚಲೋ ಆಗ್ಯಾದ ಯವ್ವಾ" ಅನ್ನುತ್ತಿದ್ದ. ಚಲೋ ಆಗಿದ್ದರೆ ತಟ್ಟೆ ಯಾಕೆ ಖಾಲಿಯಾಗುವುದಿಲ್ಲ ಎಂದು ಕೇಳುವಷ್ಟು ಒರಟು ಹೆಣ್ಣು ಪೂನಂ ಅಲ್ಲ. ಒಸಡು ಮಾಯ್ದು ಹೊಸ ಹಲ್ಲು ಕೂಡಿಸಲು ಇನ್ನೂ ಆರು ವಾರ ಬೇಕು ಎಂದು ಡಾಕ್ಟರು ಹೇಳಿದ್ದರು. ಆರು ವಾರದಲ್ಲಿ ಈ ಮನುಷ್ಯನಲ್ಲಿ ಹಲ್ಲು ಕೂಡಿಸಲು ಬಾಯಿಯಾದರೂ ಉಳಿಯುತ್ತದೋ ಇಲ್ಲವೋ ಎಂಬುದು ಅವಳ ಚಿಂತೆ.

ಹಲ್ಲಿದ್ದಾಗ ಅವನ ಊಟವನ್ನು ನೋಡುವುದೇ ಒಂದು ಸೊಗಸು. ತಟ್ಟೆಯ ಅಂಚಿನಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಪಕ್ಕದಲ್ಲಿ ಒಂದು ಗುಡ್ಡೆ ಉಪ್ಪು. ಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದಿ ಕಡಿದು, ಅದರ ಹಿಂದೆ ಒಂದು ತುತ್ತು. ಕುರಿ ಕಾಯುತ್ತಾ ಅಡವಿಯಲ್ಲಿ ಬರೀ ರೊಟ್ಟಿ ತಿಂದು ಬೆಳೆದವರ ಚಟ ಇದು ಎಂದು ಪೂನಂ ತಿಳಿದುಕೊಂಡಿದ್ದಳು. ಈಗ ಒಸಡು ಉರಿಯುತ್ತದೆಂದು ಡಾಕ್ಟರು ಮೆಣಸಿನಕಾಯಿ ಬಿಡಿಸಿದ್ದರು. ಮೆಣಸಿನಕಾಯಿಯ ಜೊತೆಗೆ ಉಪ್ಪಿನ ಗುಡ್ಡೆಯೂ ತಟ್ಟೆಯಿಂದ ಹೋಗಿತ್ತು.

ಆಷಾಢ ಮುಗಿಯಲು ಬಂದಿತ್ತು. ಶುಕ್ರವಾರದಿಂದ ಶ್ರಾವಣ, ಆ ಮೇಲೆ ಒಂದು ತಿಂಗಳು ಈ ಮನೆಯಲ್ಲಿಯೂ ಕೋಳಿ ಕುರಿಯ ಮಾತಿಲ್ಲ. ಅದಕ್ಕೆ ಮುಂಚೆ ಒಂದು ಜವಾರಿ ಕೋಳಿಯನ್ನು ತನ್ನ ಕೈಯಾರೆ ಸುಡುವುದು ಅಮೋಘಸಿದ್ದಪ್ಪನ ನಲವತ್ತು ವರ್ಷದ ರೂಢಿ. ಊರ ಅಂಚಿನಲ್ಲಿ ಅವನದೊಂದು ದೊಡ್ಡಿ ಇದೆ, ಅದರಲ್ಲಿ ಹದಿನಾಲ್ಕು ಕುರಿ. ಅಲ್ಲೇ ತಗಡಿನ ಮರೆಯಲ್ಲಿ ಜಾಲಿಯ ಕೆಂಡ ಮಾಡಿ, ಅರಿಶಿನ, ಖಾರ, ಬೆಳ್ಳುಳ್ಳಿ, ಉಪ್ಪು ಹಚ್ಚಿದ ಕೋಳಿಯನ್ನು ಕಬ್ಬಿಣದ ಸಳಿಗೆ ಸಿಕ್ಕಿಸಿ, ತಿರುಗಿಸಿ ತಿರುಗಿಸಿ ಸುಡುತ್ತಾನೆ. ಪಾಲುದಾರ ಒಬ್ಬನೇ, ಉಣ್ಣೆ ವ್ಯಾಪಾರದ ಕಾಲದ ಗೆಳೆಯ ಗುಲಾಮ್ ರಸೂಲ್.

ಈ ಸಲವೂ ಮಂಗಳವಾರ ಸಂಜೆ ಸುಟ್ಟ. ಸುಟ್ಟ ಮೇಲೆ ಏನಾಯಿತೆಂಬುದನ್ನು ಗುಲಾಮ್ ರಸೂಲನೇ ಮನೆಗೆ ಹೋಗುವ ದಾರಿಯಲ್ಲಿ ಬಾಗಿಲಿಗೆ ಬಂದು ಹೇಳಿದ. ಅವನ ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ ಡಬ್ಬಿ ಇತ್ತು.

"ಬೇಟಿ, ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತ ನಾ ಚೇಷ್ಟಾ ಮಾಡಿದೆ. ನಕ್ಕ. ಆಮ್ಯಾಲ ಮುಖ ಆ ಕಡಿ ಮಾಡಿ ಕುಂತ. ನಾ ಒಂದ ಕಾಲು ತಿಂದೆ, ಅದೂ ಗಂಟಲದಾಗ ಇಳೀಲಿಲ್ಲ. ಉಳದದ್ದು ಇದರಾಗ ಅದ. ಈ ಎಲುಬಿಂದು ಸಾರು, ಅದ ಯಖನಿ, ಮಾಡಿ ಕುಡಿಸಿದ್ರ ಮನುಷ್ಯಾ ಎದ್ದು ಕೂಡತಾನ. ಆದ್ರ ನಿಮ್ಮತ್ತಿ ಸಖುಬಾಯಿ ಊರಾಗಿಲ್ಲ, ಮತ್ತ ನೀ..." ಎಂದು ಅವನು ಮಾತು ನುಂಗಿಕೊಂಡ.

ಅವನು ನುಂಗಿದ ಮಾತು ಪೂನಂಗೆ ಗೊತ್ತಿತ್ತು. ಅವಳು ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವಳು. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಹಾರುದ್ರಪ್ಪನ ಮಗಳು. ಎಂಟು ವರ್ಷದ ಹಿಂದೆ ಅವರ ಓಣಿಯ ಕಂಬ ಹತ್ತಿ ಕರೆಂಟು ಸರಿಮಾಡಲು ಬಂದ ಲೈನ್‌ಮ್ಯಾನ್ ಧರ್ಮೇಂದ್ರನನ್ನು ಮೆಚ್ಚಿ, ಕುರಿಗಾರರ ಮನೆಗೆ ಸೊಸೆಯಾಗಿ ಬಂದಳು. ಕಲ್ಯಾಣದ ಮಂದಿ ಜಾತಿ ಸುಳ್ಳು ಎಂದು ಭಾಷಣ ಮಾಡುವುದರಲ್ಲಿ ಒಂಬೈನೂರು ವರ್ಷದಿಂದ ನುರಿತವರು. ಮನೆಯ ಮಗಳೇ ಆ ಮಾತನ್ನು ಖರೇ ಎಂದು ನಂಬಿಬಿಟ್ಟರೆ ಮಾತ್ರ ಕಷ್ಟ. ಅಪ್ಪ ಆರು ತಿಂಗಳಿಗೆ ಕರಗಿದ. ಅವ್ವ ಶಕುಂತಲಾಬಾಯಿ ಮೂರು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಮೂರು ವರ್ಷದ ಮೇಲೆ ಒಂದು ದಿನ ಹೇಳದೆ ಕೇಳದೆ ಬಂದವಳು ಮನೆಯವರ ಮುಖವನ್ನೂ ನೋಡದೆ ನೇರವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಈ ಒಲಿ ಮ್ಯಾಲ ಎಲುಬು ಏರ್ಯಾವೇನು?" ಪೂನಂ ಬಾಯಿ ತೆರೆಯುವ ಮುಂಚೆ ಪಡಸಾಲೆಯಿಂದ ಅಮೋಘಸಿದ್ದಪ್ಪ ಕೈ ಮುಗಿದು ಹೇಳಿದ, "ಇಲ್ರಿ ತಾಯಿ. ಒಳಗಿನ ಒಲಿ ಸೊಸೀದು. ನಮ್ಮ ಎಲುಬಿಗೆ ಹಿತ್ತಲದಾಗ ಬ್ಯಾರೆ ಒಲಿ ಅದ, ಬ್ಯಾರೆ ಭಾಂಡಿ ಅದಾವ." ಶಕುಂತಲಾಬಾಯಿ ಹಿತ್ತಲಿಗೆ ಹೋಗಿ ಮೂರು ಕಲ್ಲಿನ ಒಲೆಯನ್ನೂ ಮಸಿ ಹಿಡಿದ ಡೆಗಚಿಯನ್ನೂ ಕಣ್ಣಾರೆ ಕಂಡು ಬಂದು, ಕೂತು, ಒಂದು ತಂಬಿಗೆ ನೀರು ಕುಡಿದಳು. ಆ ನೀರಿನ ಮೇಲೆಯೇ ತಾಯಿ ಮಗಳ ಸಂಬಂಧ ಮತ್ತೆ ನಿಂತಿತು. ಹೋಗುವಾಗ ಮಗಳಿಗೆ ಸ್ಪಷ್ಟವಾಗಿ ಹೇಳಿದ್ದಳು: "ಈ ಒಲಿ ಹಿಂಗ ಇರೂ ತನಕ ನಾ ಬರ್ತೀನಿ. ಅದು ಕೆಟ್ಟ ದಿನ ನನ್ನ ದಾರಿ ನೋಡಬ್ಯಾಡ." ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಾಳೆ, ಮಗಳ ಕೈಯಡುಗೆ ಉಣ್ಣುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ.

ಹೀಗಾಗಿ ಗುಲಾಮ್ ರಸೂಲ್ ಕೊಟ್ಟ ಡಬ್ಬಿಯನ್ನು ಪೂನಂ ಒಳಗೆ ತರದೆ ಹಿತ್ತಲ ಕಟ್ಟೆಯ ಮೇಲೆ ಬುಟ್ಟಿ ಮುಚ್ಚಿ ಇಟ್ಟಳು.

ಬುಧವಾರ ಬೆಳಿಗ್ಗೆ ಅವಳು ಹಿತ್ತಲಿಗೆ ಹೋದಾಗ ಮಾವ ಅಲ್ಲಿ ಕೂತಿದ್ದ. ಡಬ್ಬಿ ತೆರೆದಿತ್ತು. ನಿನ್ನೆಯ ಕೋಳಿಯಿಂದ ಎಳೆ ಎಳೆಯಾಗಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಆ ಕಡೆ ಈ ಕಡೆ ತಿರುಗಿಸಿ, ಸೋತು, ಅಂಗೈಗೆ ತೆಗೆದು ಕಾಳ್ಯಾನ ಮುಂದೆ ಹಿಡಿಯುತ್ತಿದ್ದ. ನಾಯಿ ಕೂಡ ನಾಚಿಕೊಂಡಂತೆ ತಿನ್ನುತ್ತಿತ್ತು. ಸೊಸೆಯನ್ನು ಕಂಡು ಮುದುಕ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಡಬ್ಬಿ ಮುಚ್ಚಿದ. "ಕಾಳ್ಯಾಗ ಹಾಕಾಕತ್ತಿದ್ದೆ ಯವ್ವಾ. ಎಲುಬು ಉಳದಾವ, ಆಮ್ಯಾಲ ಅವನ್ನೂ ಅದಕ್ಕ ಹಾಕು" ಎಂದು ಹೇಳಿ ಕಂಬಳಿಯ ಕೊಪ್ಪೆ ಹೊದ್ದು, ಜಿಟಿಜಿಟಿ ಮಳೆಯಲ್ಲಿ ದೊಡ್ಡಿಯ ಕಡೆ ನಡೆದ. ಆ ಕಂಬಳಿಯೊಳಗೆ ಮನುಷ್ಯ ಇದ್ದಾನೋ ಬರೀ ಕಂಬಳಿಯೇ ನಡೆಯುತ್ತಿದೆಯೋ ತಿಳಿಯದಂತಿತ್ತು. ಪೂನಂಗೆ ಅಳು ಬಂತು. ಅತ್ತು ಮುಗಿಸಿ ಫೋನು ಹುಡುಕಿದಳು.

ಅತ್ತೆ ಸಖುಬಾಯಿ ರಾಜೇಶ್ವರದಲ್ಲಿದ್ದಳು, ಮಗಳು ಸಪ್ನಾಳ ಬಾಣಂತನಕ್ಕೆ.

"ಅತ್ತೀ, ಕೂಸು ಮಲಗ್ಯಾದೇನ್ರಿ?"

"ಕೂಸು ಮಲಗ್ಯಾದ, ಸಪ್ನಾ ಮಲಗ್ಯಾಳ, ನಾ ಒಬ್ಬಾಕಿ ಎದ್ದೀನಿ. ಏನು ಹೇಳು."

"ಕೋಳಿ ಎಲುಬಿನ ಸಾರು ಹ್ಯಾಂಗ ಮಾಡೂದ್ರಿ?"

ಪೂನಂ ಎರಡು ಸಲ ಹಲೋ ಅನ್ನಬೇಕಾಯಿತು.

"ಯಾರು ಮಾಡವ್ರು?"

"ನಾನ್ರಿ."

"ನಿನಗ ಜ್ವರಾ ಗಿರಾ ಬಂದಾವೇನ?"

ಪೂನಂ ಬೆಳಿಗ್ಗೆ ಕಂಡದ್ದನ್ನು ಹೇಳಿದಳು. ಸಖುಬಾಯಿ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಶುರುವಾಯಿತು ಪಾಠ. ಅತ್ತೆಗೆ ಯಾವ ಮಾತನ್ನೂ ನೇರವಾಗಿ ಹೇಳಿ ರೂಢಿಯಿಲ್ಲ. ನಡುವೆ ಮೊಮ್ಮಗನ ಮೂಗು ಯಾರ ಹಾಗಿದೆ, ರಾಜೇಶ್ವರದ ನೀರು ಎಷ್ಟು ಸವಳು, ಬೀಗರ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಎಲ್ಲ ಬಂದುಹೋಯಿತು. ಅದರ ನಡುವಿಂದ ಪೂನಂ ಸಾರನ್ನು ಸೋಸಿಕೊಂಡಳು.

"ಕಾಲಿನ ಎಲುಬು ಒಳ್ಳಾಗ ಕುಟ್ಟೂ ಬಡಗೀಲೆ ಜರಾ ಜಜ್ಜು. ನೀರು ತಣ್ಣಂದು ಹಾಕು, ಕುದಿನೀರು ಹಾಕಿದ್ರ ಎಲುಬು ಒಳಗಿಂದು ಬಿಡಂಗಿಲ್ಲ. ಉಳ್ಳಾಗಡ್ಡಿ, ಶುಂಠಿ, ನಾಕು ಮೆಣಸಿನಕಾಳು. ನಿಂಬಿಹುಳಿ ನಾಕು ಹನಿ ಬೀಳ್ಲಿ. ಎಲುಬು ಭಾಳ ಹಟಮಾರಿ ಇರತದ ತಂಗಿ, ಹುಳಿ ಬಿದ್ರ ಮೆತ್ತಗಾಗತದ. ಸಣ್ಣ ಉರಿ, ಮೂರು ತಾಸು. ಮ್ಯಾಲೆ ಬುರುಗು ಬಂತಂದ್ರ ತೆಗದು ಚೆಲ್ಲು. ಉಪ್ಪು ಮಾತ್ರ ಹಾಕಬ್ಯಾಡ, ನಿಮ್ಮ ಮಾಮಾ ಸುಡೂ ಮುಂದ ಹಚ್ಚಿದ್ದೇ ಬೇಕಾದಷ್ಟು ಇರತದ."

ಪೂನಂ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು. ಮೊದಲ ತೊಡಕು ಹಿತ್ತಲ ಒಲೆಯದು. ಮೂರು ದಿನದ ಮಳೆಗೆ ಒಲೆಯಲ್ಲಿ ನೀರು ನಿಂತು ಬೂದಿಯೆಲ್ಲ ರಾಡಿಯಾಗಿತ್ತು. ತೊಗರಿಕಟ್ಟಿಗೆ ಹಸಿಯಾಗಿತ್ತು. ಅರ್ಧ ಬಾಟಲಿ ಸೀಮೆಎಣ್ಣೆ ಸುರಿದರೂ ಬಂದದ್ದು ಹೊಗೆಯೇ ಹೊರತು ಉರಿ ಅಲ್ಲ. ಮೂರು ತಾಸು ಸಣ್ಣ ಉರಿ ಬೇಕು. ಧರ್ಮೇಂದ್ರ ಮಂಠಾಳದ ಕಡೆ ಬಿದ್ದ ಕಂಬಗಳನ್ನು ಎತ್ತಲು ಹೋಗಿ ಎರಡು ದಿನವಾಗಿತ್ತು, ಕೇಳೋಣವೆಂದರೆ ಕಂಬದ ಮೇಲಿದ್ದ. ನಾಳೆ ಅಮಾವಾಸ್ಯೆ, ನಾಡಿದ್ದು ಶ್ರಾವಣ. ಪೂನಂ ಡೆಗಚಿ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಅವ್ವನ ಮಾತು ನೆನಪಾಗಲಿಲ್ಲವೆಂದಲ್ಲ. ಅಕ್ಷರಕ್ಕೆ ಅಕ್ಷರ ನೆನಪಾಯಿತು. ಆದರೂ ಒಳಗೆ ಹೋಗಿ ಗ್ಯಾಸಿನ ಬಲಗಡೆಯ ಒಲೆ ಹಚ್ಚಿ ಡೆಗಚಿ ಇಟ್ಟಳು.

ಇಡುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದಳು. ಕೋಳಿಯನ್ನು ತೊಳೆದಿದ್ದಳು. ತೊಳೆಯಬೇಡವೆಂದು ಅತ್ತೆ ಹೇಳಿರಲಿಲ್ಲ, ಏಕೆಂದರೆ ಸುಟ್ಟ ಕೋಳಿಯನ್ನು ತೊಳೆಯುವವರು ಭೂಮಿಯ ಮೇಲಿದ್ದಾರೆಂಬುದು ಕುರಿಗಾರರ ಮನೆಯ ಹೆಂಗಸಿನ ತಲೆಗೆ ಹೊಳೆಯುವ ಸಂಗತಿಯಲ್ಲ. ಪೂನಂ ಬೆಳೆದ ಮನೆಯಲ್ಲಿ ಅಕ್ಕಿಯಿರಲಿ, ಬೇಳೆಯಿರಲಿ, ಸೊಪ್ಪಿರಲಿ, ಮೂರು ನೀರು ಕಾಣದೆ ಯಾವುದೂ ಒಲೆ ಏರುವುದಿಲ್ಲ. ಉಸಿರು ಬಿಗಿಹಿಡಿದು, ಮುಖ ಅತ್ತ ಮಾಡಿ, ಮೂರನೆಯ ನೀರು ತಿಳಿಯಾಗುವವರೆಗೆ ತೊಳೆದಳು. ಮೊದಲ ನೀರನ್ನು ಕಾಳ್ಯಾ ಬಹಳ ಶ್ರದ್ಧೆಯಿಂದ ಕುಡಿದಿತ್ತು.

ಎರಡೂವರೆ ತಾಸು ಕುದಿದ ಮೇಲೆ, ಎಲ್ಲವೂ ಸರಿಯಿದೆಯೆಂಬ ಹೆಮ್ಮೆಯಲ್ಲಿ ಅವಳು ಮತ್ತೆ ಫೋನು ಹಚ್ಚಿ ವರದಿ ಒಪ್ಪಿಸಿದಳು. ತೊಳೆದ ಮಾತು ಬಂದೊಡನೆ ಸಖುಬಾಯಿ ಕಿರುಚಿದಳು.

"ಅಯ್ಯ ನನ್ನ ಶಿವನೇ! ಖಾರಾ, ಉಪ್ಪಾ, ಕೆಂಡದ ವಾಸ್ನಿ, ಎಲ್ಲಾ ಮೋರಿಗೆ ಬಿಟ್ಟಿ?"

"ಮೋರಿಗಲ್ಲರಿ, ಕಾಳ್ಯಾಗ."

"ಈಗ ಉಪ್ಪು ಎಷ್ಟು ಹಾಕು ಅಂತ ನಾ ಹ್ಯಾಂಗ ಹೇಳ್ಲಿ? ಎಲುಬಿನಾಗ ಎಷ್ಟು ಉಳದದೋ ಎಷ್ಟು ಹೋಗ್ಯಾದೋ! ಬಾಯಾಗ ಹಾಕಿ ನೋಡಿ ಹಾಕಬೇಕು. ನೀ ಹ್ಯಾಂಗ ನೋಡತಿ? ತಡಿ, ಕೂಸು ಎದ್ದಿತು..." ಫೋನು ಕಟ್ಟಾಯಿತು.

ಪೂನಂ ಸಟ್ಟುಗದಲ್ಲಿ ಸಾರು ತೆಗೆದು ಊದಿದಳು. ನಸುಹಳದಿ ಬಣ್ಣ, ಮೇಲೆ ಹೊಳೆಯುವ ಎಣ್ಣೆಯ ಚುಕ್ಕಿ. ತುಟಿಯವರೆಗೆ ತಂದಳು. ಆಗಲಿಲ್ಲ. ಮಾವನ ಮೇಲಿನ ಮಮತೆಗೆ ಒಲೆ ಕೊಟ್ಟಾಗಿತ್ತು, ನಾಲಿಗೆ ಮಾತ್ರ ಅವಳ ಮಾತು ಕೇಳಲಿಲ್ಲ. ಹಾಗೆಂದು ಮಾವನನ್ನೇ ಕರೆದು ಕೇಳೋಣವೆಂದರೆ, ಮೊದಲ ಗುಟುಕು ಸಪ್ಪೆಯಾದರೆ ಅವನು "ಚಲೋ ಆಗ್ಯಾದ" ಅನ್ನುತ್ತಾನೆ ಮತ್ತು ಬಟ್ಟಲನ್ನು ಕಾಳ್ಯಾನ ಮುಂದಿಡುತ್ತಾನೆ. ಇಷ್ಟೆಲ್ಲ ಮಾಡಿದ್ದು ನಾಯಿಗಾಗಿ ಎಂದಾಗುತ್ತದೆ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಛತ್ರಿ ಕೊಡವುವ ಸದ್ದು ಬಂತು.

"ಎಷ್ಟು ಸರ್ತಿ ಫೋನ್ ಹಚ್ಚಬೇಕ ನಾ? ಬರೇ ಬಿಜಿ, ಬರೇ ಬಿಜಿ! ಪಂಚಮಿಗೆ ನಿನಗ ಬರಾಕ ಆಗಂಗಿಲ್ಲ ಅಂದಿ. ನಿನ್ನ ತಮ್ಮ ಗುರುಶಾಂತನ ಕೈಲೆ ಉಂಡಿ ಕಳಸೋಣ ಅಂದ್ರ ಅಂವಗ ಅಂಗಡಿ ಬಿಡಾಕ ಆಗಂಗಿಲ್ಲ. ಅದಕ್ಕ ನಾನ ಬಂದೆ. ಶೇಂಗಾ ಉಂಡಿ, ಎಳ್ಳುಂಡಿ, ರವಾದುಂಡಿ..."

ಶಕುಂತಲಾಬಾಯಿ ಮಾತಾಡುತ್ತಲೇ ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೂಗಿಗೆ ಮೊದಲು ತಿಳಿಯಿತು, ಕಣ್ಣಿಗೆ ಆಮೇಲೆ.

"ಏನದು?"

ನಾಯಿಗೆ ಬೇಯಿಸುತ್ತಿದ್ದೇನೆ ಎಂಬ ಸುಳ್ಳು ಪೂನಂಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲು ಮನಸ್ಸಾಗಲಿಲ್ಲ.

"ಕೋಳಿ ಎಲುಬವ್ವ. ಮಾಮಾಗ."

ಶಕುಂತಲಾಬಾಯಿ ಬೈಯಲಿಲ್ಲ. ಬೈದಿದ್ದರೆ ಪೂನಂಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಉಂಡಿಯ ಚೀಲವನ್ನು ಎದೆಗವಚಿಕೊಂಡು ಹಿಂತಿರುಗಿ, ಪಡಸಾಲೆಯ ಕಟ್ಟೆಯ ಅಂಚಿಗೆ ಕೂತಳು. "ಎರಡರ ಬಸ್ಸಿಗೆ ಹೋಗ್ತೀನಿ. ನೀರು ಗೀರು ಏನೂ ತರಬ್ಯಾಡ" ಅಂದಳು.

ಪೂನಂ ಹೊರಗೆ ಬಂದು ಅವಳೆದುರು ನೆಲದ ಮೇಲೆ ಕೂತಳು. ಎಂಟು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತಿತ್ತು, ಅದು ಈಗ ತಾನಾಗಿ ಬಂತು.

"ಅವ್ವ, ನೀ ಮೂರು ವರ್ಷ ಬರಲಿಲ್ಲ. ಆ ಮೂರು ವರ್ಷ ಒಳಗಿನ ಒಲಿ ಮ್ಯಾಲ ಎಲುಬು ಏರಸಬ್ಯಾಡ್ರಿ ಅಂತ ನಾ ಯಾರಿಗೂ ಹೇಳಿರಲಿಲ್ಲ. ಹೇಳಿದವ್ರು ಮಾಮಾ. ಲಗ್ನಾದ ಮರುದಿನಾನ ಹಿತ್ತಲದಾಗ ಕಲ್ಲು ಹೂಡಿದ್ರು. ಮಳ್ಯಾಗ ಅತ್ತಿ ಅಲ್ಲೇ ಕುಂತು ಊದತಿದ್ಲು. ಯಾಕ್ರಿ ಮಾಮಾ ಅಂತ ನಾ ಕೇಳಿದ್ರ, ನಿಮ್ಮವ್ವ ಒಂದಿನ ಬಂದೇ ಬರ್ತಾಳ, ಅಕಿ ಬಂದಾಗ ನೀರು ಕುಡೀಬೇಕಲ್ಲ ಅಂತಿದ್ರು. ನೀ ಬಾಗಿಲದಾಗ ನಿಂತು ಕೇಳಿದ ದಿನ ಅವರು ಅಷ್ಟು ಗಡಬಡಿಸಿ ಹೇಳಿದ್ರಲ್ಲ, ಮೂರು ವರ್ಷದಿಂದ ಅದೇ ಮಾತು ಕಾಯ್ದು ಕುಂತಿದ್ರು."

ಶಕುಂತಲಾಬಾಯಿ ಮಳೆಯನ್ನು ನೋಡುತ್ತಾ ಕೂತಳು. ಅವಳ ಕೈ ಚೀಲದ ಹಿಡಿಕೆಯನ್ನು ತಿರುವುತ್ತಿತ್ತು.

ಆ ಹೊತ್ತಿಗೆ ಗೇಟಿನ ಬಳಿ ಕಂಬಳಿ ಕೊಪ್ಪೆ ಕಾಣಿಸಿತು. ಅಮೋಘಸಿದ್ದಪ್ಪನಿಗೂ ಮೂಗೇ ಮೊದಲು ಸುದ್ದಿ ಕೊಟ್ಟಿರಬೇಕು. ಮುಖದ ಮೇಲೆ ಎಳೆಯ ಕೂಸಿನಂಥ ನಗು ಅರಳಿತ್ತು. ಕಟ್ಟೆಯ ಮೇಲೆ ಬೀಗತಿ ಕೂತದ್ದನ್ನು ಕಂಡೊಡನೆ ಆ ನಗು ಹೋಯಿತು. ಅಡುಗೆಮನೆಯ ಬಾಗಿಲವರೆಗೆ ಹೋಗಿ ನೋಡಿದ, ಹಣೆ ಹಿಡಿದುಕೊಂಡ.

"ಯವ್ವಾ, ಏನ ಮಾಡಿದಿ ಇದು? ನನ್ನ ಹೊಟ್ಟಿ ಸಲುವಾಗಿ ಹೆತ್ತವ್ವನ್ನ ಕಳಕೋತಿಯೇನ?"

ಆಮೇಲೆ ಶಕುಂತಲಾಬಾಯಿಯ ಕಡೆ ತಿರುಗಿ ಕೈ ಮುಗಿದ. "ತಾಯಿ, ಮಾಫ್ ಮಾಡ್ರಿ. ಹುಡುಗೀದು ತಪ್ಪಿಲ್ಲ. ಈ ಡೆಗಚಿ ನಾ ದೊಡ್ಡಿಗೆ ಒಯ್ತೀನಿ, ಅಲ್ಲಿ ನಾಯಿಗೆ ಹಾಕ್ತೀನಿ. ಒಲಿ ತೊಳದು, ಹಾಲು ಉಕ್ಕಿಸಿ ಶುದ್ಧ ಮಾಡೋಣ. ನೀವು ಮಾತ್ರ ಉಣ್ಣದ ಹೋಗಬ್ಯಾಡ್ರಿ. ಮಗಳ ಮನಿಯಿಂದ ತಾಯಿ ಉಪವಾಸ ಹ್ವಾದ್ರ ಆ ಮನಿ ಉದ್ಧಾರ ಆಗಂಗಿಲ್ಲ."

ಹೇಳುತ್ತಲೇ ಕೊಪ್ಪೆ ತೆಗೆದಿಟ್ಟು, ಕಾಲು ತೊಳೆದು, ಒಳಗೆ ಹೋಗಿ ಸುಡುವ ಡೆಗಚಿಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡು ಬಂದ. ಕಂಬಳಿ ಇಲ್ಲದ ಮೇಲೆ ಅವನ ಮೈ ಕಂಡಿತು. ಹೋ‌ದ ತಿಂಗಳು ಶಕುಂತಲಾಬಾಯಿ ಬಂದಾಗ ತುಂಬು ಎದೆಯ ಮನುಷ್ಯ, ಈಗ ಅಂಗಿಯೊಳಗೆ ಕೊರಳ ಎಲುಬು ಎದ್ದು ನಿಂತಿತ್ತು. ಡೆಗಚಿ ಒಂದು ಕಡೆ ವಾಲಿ ಸಾರು ಅಂಚಿನವರೆಗೆ ತುಳುಕುತ್ತಿತ್ತು.

"ಇಷ್ಟು ಯಾಕ ಸೊರಗೀರಿ ಬೀಗರ?" ಶಕುಂತಲಾಬಾಯಿಯ ಬಾಯಿಂದ ತಟ್ಟನೆ ಬಂತು.

"ಹಲ್ಲಿನ ತೂಕ ಹೋತಲ್ರಿ ತಾಯಿ" ಎಂದು ಅವನು ನಗಲು ನೋಡಿದ.

"ಇಡ್ರಿ ಅದನ್ನ ಕೆಳಗ."

"ಇಲ್ರಿ, ದೊಡ್ಡಿಗೆ..."

"ಇಡ್ರಿ ಅಂದೆ. ಚೆಲ್ಲಿ ಕಾಲು ಸುಟ್ಟುಕೊಂಡ್ರ ಯಾರು ಮಾಡವ್ರು ನಿಮ್ಮ ಬಾಣಂತನಾ?"

ಅವನು ಇಟ್ಟ. ಕಲ್ಯಾಣದ ಮಠದಲ್ಲಿ ನೂರು ಜನರನ್ನು ಪಂಕ್ತಿಯಲ್ಲಿ ಕೂರಿಸಿ ರೂಢಿಯಿದ್ದ ದನಿ ಅದು, ಇಡದೆ ಗತಿಯಿರಲಿಲ್ಲ. ಶಕುಂತಲಾಬಾಯಿ ದೂರದಿಂದಲೇ ಡೆಗಚಿಯೊಳಗೆ ಒಂದು ಕಣ್ಣು ಹಾಯಿಸಿದಳು.

"ಉಪ್ಪು ಹಾಕಿಯೇನ ಇದಕ್ಕ?"

ಪೂನಂ ತೊಳೆದ ಕಥೆ ಹೇಳಿದಳು. ಮೂರು ನೀರು ಎಂದಾಗ ಶಕುಂತಲಾಬಾಯಿ ತಲೆಯಾಡಿಸಿ, "ತೊಳೀಬೇಕಲ್ಲ ಮತ್ತ" ಅಂದಳು. ಅಮೋಘಸಿದ್ದಪ್ಪ ಮಾತ್ರ ತನ್ನ ಖಾರ ಉಪ್ಪೆಲ್ಲ ನಾಯಿಯ ಹೊಟ್ಟೆ ಸೇರಿದ್ದನ್ನು ಕೇಳಿ ಕಾಳ್ಯಾನನ್ನು ದುರುಗುಟ್ಟಿ ನೋಡಿದ.

"ಬಾಯಾಗ ಹಾಕಿ ನೋಡಬೇಕಂತವ್ವ. ನನಗ ಆಗವಲ್ದು."

"ಎಡಿ ಹಿಡಿಯೂ ಅಡಿಗಿ ಬಾಯಾಗ ಹಾಕಿ ನೋಡತಾರೇನ? ಇಷ್ಟು ವರ್ಷ ನನ್ನ ಮಗ್ಗಲದಾಗ ನಿಂತು ಏನ ಕಲತಿ?"

ಮಠದಲ್ಲಿ ಶ್ರಾವಣ ಸೋಮವಾರದ ಪ್ರಸಾದಕ್ಕೆ ಮೂವತ್ತು ವರ್ಷದಿಂದ ಉಪ್ಪು ಹಾಕುವವಳು ಶಕುಂತಲಾಬಾಯಿ. ದೇವರಿಗೆ ಎಡೆ ಹಿಡಿಯುವ ತನಕ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಎಲ್ಲ ಕೈಯಳತೆ. ಒಂದು ಸಲವೂ ಹೆಚ್ಚುಕಡಿಮೆ ಆದದ್ದಿಲ್ಲ. ಆದದ್ದು ಒಮ್ಮೆ ಮಾತ್ರ, ಅದೂ ಅವಳ ಕೈಯಿಂದಲ್ಲ. ಹದಿನಾಲ್ಕು ವರ್ಷದ ಪೂನಂ ಅವ್ವ ಹಾಕಿದ್ದು ತಿಳಿಯದೆ ಇನ್ನೊಮ್ಮೆ ಹಾಕಿ, ನೂರು ಜನ ಸಾರು ಬಿಟ್ಟು ನೀರು ಕುಡಿಯುವಂತೆ ಮಾಡಿದ್ದಳು. ಅಂದಿನಿಂದ ಉಪ್ಪಿನ ಡಬ್ಬಿ ಕಂಡರೆ ಅವಳ ಕೈಗೆ ಅಂಜಿಕೆ.

ಈಗಲೂ ಡಬ್ಬಿ ತಂದು, ಮೂರು ಬೆರಳಲ್ಲಿ ಒಂದು ಚಿಟಿಕೆ ತೆಗೆದು, ಡೆಗಚಿಯ ಮೇಲೆ ಹಿಡಿದು ನಿಂತಳು.

"ಅಷ್ಟೇನ?" ಅಂದಳು ಅವ್ವ.

ಪೂನಂ ಇನ್ನೊಂದು ಚಿಟಿಕೆ ತೆಗೆದಳು. ಅರ್ಧ ನೆಲಕ್ಕೆ ಬಿತ್ತು.

ಶಕುಂತಲಾಬಾಯಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ಬಕೆಟ್ಟಿನಲ್ಲಿ ಕೈ ತೊಳೆದು ಬಂದು ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಎಷ್ಟು ನೀರಿಟ್ಟಿದ್ದಿ?"

"ಎಂಟು ತಂಬಗಿ. ಅರ್ಧ ಇಂಗ್ಯಾದ."

"ಉಪ್ಪು ಭಾಂಡಿ ನೋಡಿ ಹಾಕೂದಲ್ಲ. ಉಣ್ಣವ್ರ ಮುಖಾ ನೆನಸಿ ಹಾಕೂದು." ಹೇಳಿ ಅಮೋಘಸಿದ್ದಪ್ಪನ ಕುಳಿಬಿದ್ದ ಗಲ್ಲವನ್ನು ಒಂದು ಕ್ಷಣ ನೋಡಿದಳು. ಅಂಗೈಯಲ್ಲಿ ಉಪ್ಪು ತುಂಬಿಕೊಂಡು, ಕಣ್ಣು ಮುಚ್ಚಿ, ಮಠದ ಕೊಪ್ಪರಿಗೆಗೆ ಹಾಕುವ ಹಾಗೆಯೇ ಮೇಲಿನಿಂದ ಡೆಗಚಿಗೆ ಬಿಟ್ಟಳು. ಕೈಯಲ್ಲಿ ಸ್ವಲ್ಪ ಉಳಿಯಿತು. ಅದನ್ನು ಡಬ್ಬಿಗೆ ವಾಪಸು ಹಾಕಿದಳು. "ಒಂದು ಕುದಿ ಬರ್ಲಿ, ಒಯ್ಯಿ" ಅಂದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಎರಡನ್ನೂ ಒಂದೇ ಸಾಲಿನಲ್ಲಿ ಯಾಕಿಟ್ಟರೆಂಬುದು ಪೂನಂಗೆ ಆ ಹೊತ್ತು ತಿಳಿಯಿತು. ಅವಳು ಡೆಗಚಿ ಎತ್ತಿಕೊಂಡು ಒಳಗೆ ಹೋದಳು. ಒಲೆಯ ಮೇಲಿಡುವಾಗ ಕಣ್ಣು ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಸೋಸಿದ ಸಾರನ್ನು ಮಾವನ ಕಂಚಿನ ಬಟ್ಟಲಿಗೆ ಹಾಕಿ ತಂದಿಟ್ಟಳು. ಅಮೋಘಸಿದ್ದಪ್ಪ ಬೀಗತಿಯ ಎದುರು ಕುಡಿಯಲು ನಾಚಿ ಗೋಡೆಯ ಕಡೆ ತಿರುಗಿ ಕೂತ. ಮೊದಲ ಗುಟುಕು ಹೀರಿ ಬಟ್ಟಲು ಕೆಳಗಿಟ್ಟ. ಕಾಳ್ಯಾ ರೂಢಿಯಂತೆ ಎದ್ದು ಬಂದು ಪಕ್ಕದಲ್ಲಿ ಕೂತು ಬಾಲ ಅಲ್ಲಾಡಿಸಿತು. ಎರಡನೆಯ ಗುಟುಕಿಗೆ ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. ಆಮೇಲೆ ಬಟ್ಟಲು ಕೆಳಗಿಳಿಯಲೇ ಇಲ್ಲ. ಖಾಲಿ ಬಟ್ಟಲನ್ನು ಹಿಂದಕ್ಕೆ ಚಾಚಿದ. ಪೂನಂ ತುಂಬಿದಳು. ಅದೂ ಖಾಲಿ. ಮೂರನೆಯದು ಅರ್ಧವಾದಾಗ ಕಾಳ್ಯಾ ಆಸೆ ಬಿಟ್ಟು ಅಂಗಳಕ್ಕೆ ಹೋಗಿ ಮಲಗಿತು.

ಮುದುಕ ಮೀಸೆ ಒರೆಸಿಕೊಂಡು ಇತ್ತ ತಿರುಗಿದ. ಕಣ್ಣು ಒದ್ದೆಯಾಗಿತ್ತು.

"ತಾಯಿ, ಉಪ್ಪು..." ಎಂದು ನಿಲ್ಲಿಸಿದ.

"ಹೆಚ್ಚಾಗ್ಯಾದೇನ್ರಿ?" ಮೂವತ್ತು ವರ್ಷದಲ್ಲಿ ಮೊದಲ ಸಲ ಶಕುಂತಲಾಬಾಯಿಯ ದನಿಯಲ್ಲಿ ಅನುಮಾನ ಬಂದಿತ್ತು.

"ಬರೋಬ್ಬರಿ ಆಗ್ಯಾದ್ರಿ. ಎಂಟು ವರ್ಷದ ಮ್ಯಾಲ ಒಳಗಿನ ಒಲಿ ಅಡಿಗೀಗೆ ಉಪ್ಪು ಬರೋಬ್ಬರಿ ಆಗ್ಯಾದ."

ಬಾಯಿಂದ ಜಾರಿದ ಮೇಲೆ ಅವನು ನಾಲಿಗೆ ಕಚ್ಚಿಕೊಳ್ಳಲು ನೋಡಿದ, ಕಚ್ಚಲು ಹಲ್ಲಿರಲಿಲ್ಲ. ಪೂನಂ ಮಾವನನ್ನು ನೋಡಿದಳು. ನಾಲ್ಕು ಹಸಿಮೆಣಸಿನಕಾಯಿ, ಪಕ್ಕದಲ್ಲಿ ಒಂದು ಗುಡ್ಡೆ ಉಪ್ಪು ಅವಳ ಕಣ್ಣ ಮುಂದೆ ಬಂದವು.

"ಮಾಮಾ, ಮೆಣಸಿನಕಾಯಿ ನಿಮಗ ಚಟಾ ಅಲ್ಲೇನ್ರಿ?"

"ಎಲ್ಲಿ ಚಟಾ ಯವ್ವಾ? ಖಾರಕ್ಕ ಕಣ್ಣಾಗ ನೀರು ಬರ್ತಿತ್ತು. ಉಪ್ಪಿಗೊಂದು ನೆವ ಬೇಕಲ್ಲ ಅಂತ ತಿಂತಿದ್ದೆ. ಸಪ್ಪಗ ಅದ ಅಂದ್ರ ನೀ ಮನಸಿಗೆ ಹಚ್ಚಿಕೋತಿದ್ದಿ. ಎಲ್ಲಾರನ್ನ ಬಿಟ್ಟು ಬಂದಾಕಿ, ನಿನಗ ಅದ್ಹ್ಯಾಂಗ ಅನ್ಲಿ?"

"ಅತ್ತಿಗೆ ಗೊತ್ತೇನ್ರಿ?"

"ಗೊತ್ತದ. ನಿನ್ನ ಗಂಡಗೂ ಗೊತ್ತದ. ಅಂವ ಜೇಬಿನ್ಯಾಗ ಪುಡಿ ಕಟ್ಟಿಕೊಂಡು ಅಡ್ಡಾಡತಾನ."

ಪೂನಂಗೆ ನಾಚಿಕೆ, ಸಿಟ್ಟು, ನಗು ಮೂರೂ ಒಟ್ಟಿಗೆ ಬಂದು, ಗೆದ್ದದ್ದು ನಗು. ಶಕುಂತಲಾಬಾಯಿಯೂ ನಕ್ಕಳು. ಸೆರಗು ಬಾಯಿಗೆ ಹಿಡಿದು ನಗುತ್ತಾ, "ನಾ ತಿಂಗಳಾ ಬಂದು ಉಣ್ಣತಿದ್ದೆನಲ್ಲ, ನನಗೇನು ಗೊತ್ತಿರಲಿಲ್ಲೇನ? ಬೀಗರ ಮನ್ಯಾಗ ಮಗಳ ಮಾನ ಹೋಗಬಾರದು ಅಂತ ನಾನೂ ಸುಮ್ಮ ನುಂಗತಿದ್ದೆ" ಅಂದಳು. ಒಂದೇ ಸಪ್ಪೆ ಸಾರನ್ನು ಐದು ವರ್ಷ ಎದುರುಬದುರು ಕೂತು, ಒಬ್ಬರಿಗೊಬ್ಬರು ಹೇಳದೆ ಉಂಡಿದ್ದ ಬೀಗರು ಈಗ ಮೊದಲ ಸಲ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದರು.

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಪೂನಂಳ ನಗು ಇಳಿಯಿತು.

"ಅವ್ವ, ಎರಡರ ಬಸ್ಸು..."

"ನಾಕಕ್ಕೂ ಒಂದು ಅದ." ಶಕುಂತಲಾಬಾಯಿ ಉಂಡಿಯ ಚೀಲವನ್ನು ಮಗಳ ಕೈಗೆ ಕೊಟ್ಟಳು. "ಎಳ್ಳುಂಡಿ ಬೀಗರಿಗೆ ಕೊಡಬ್ಯಾಡ, ಕಡ್ಯಾಕ ಆಗಂಗಿಲ್ಲ. ರವಾದುಂಡಿ ಹಾಲಿನ್ಯಾಗ ಕಲಸಿ ಕೊಡು. ನನಗ ಒಂದು ಕಪ್ಪು ಚಹಾ ಇಡು."

ಪೂನಂ ಅಡುಗೆಮನೆಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. ಒಲೆಯ ಮೇಲೆ ಡೆಗಚಿ ಇನ್ನೂ ಬೆಚ್ಚಗೆ ಕೂತಿತ್ತು. ಹಿತ್ತಲ ಒಲೆಯಲ್ಲಿ ನೀರು. ಯಾವುದರ ಮೇಲೆ ಇಡಲಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

"ಏನ ನೋಡತಿ? ಗ್ಯಾಸಿಗೆ ಎರಡು ಒಲಿ ಅದಾವಿಲ್ಲೋ? ಒಂದು ಬೀಗರದು, ಒಂದು ನಂದು. ಮಳ್ಯಾಗ ನಿಮ್ಮತ್ತಿ ಇನ್ನ ಹಿತ್ತಲದಾಗ ಕುಂತು ಊದೂದು ಬ್ಯಾಡ."

ಪೂನಂ ಎಡಗಡೆಯ ಒಲೆ ಹಚ್ಚಿ ಚಹಾದ ಪಾತ್ರೆ ಇಟ್ಟಳು. ಹಾಲು ಹಾಕಿದಳು, ಪುಡಿ ಹಾಕಿದಳು. ಸಕ್ಕರೆಯ ಡಬ್ಬಿ ತೆರೆದು ಒಂದು ಚಮಚ ಹಾಕುವಷ್ಟರಲ್ಲಿ, ಬಾಗಿಲಲ್ಲಿ ನಿಂತಿದ್ದ ಅವ್ವ "ಇನ್ನಷ್ಟು" ಅಂದಳು. ಇನ್ನೊಂದು ಚಮಚ ಹಾಕಿದಳು. ಆಗ ಪಡಸಾಲೆಯಿಂದ, ಎಂಟು ವರ್ಷದಲ್ಲಿ ಮೊದಲನೆಯ ಸಲ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಮಾವನ ದನಿ ಬಂತು: "ನನಗೂ ಇಡು ಯವ್ವಾ. ಮತ್ತ ಸಕ್ರಿ, ಅವ್ವ ಅಂದದ್ದಕ್ಕಿಂತ ಜರಾ ಹೆಚ್ಚು ಹಾಕು."